ಹೃದಯ ಕವಾಟದ ಶಸ್ತ್ರಚಿಕಿತ್ಸೆಗೆ ಮುನ್ನ ಹಲ್ಲಿನ ತಪಾಸಣೆ: ಮೊದಲ ಪ್ರಶ್ನೆಯಿಂದ ಕ್ಲಿಯರೆನ್ಸ್ ಪತ್ರದವರೆಗೆ

‘ಡೆಂಟಲ್ ಕ್ಲಿಯರೆನ್ಸ್ ತನ್ನಿ’ (ಬಾಯಲ್ಲಿ ಸೋಂಕಿಲ್ಲ ಎಂಬ ದಂತ ವೈದ್ಯರ ಪತ್ರ) ಎಂದು ಬರೆದ ಚೀಟಿ ಹಿಡಿದು ಕವಾಟದ ರೋಗಿ ತಮ್ಮೂರಿನ ದಂತ ವೈದ್ಯರ ಬಳಿ ಹೋಗುತ್ತಾರೆ. ಟಾರ್ಚ್ ಬೆಳಕಲ್ಲಿ ಬಾಯಿ ನೋಡಿ ‘ಶಸ್ತ್ರಚಿಕಿತ್ಸೆಗೆ ಅಡ್ಡಿಯಿಲ್ಲ’ ಎಂಬ ಒಂದು ಸಾಲು ಬರೆದುಕೊಟ್ಟರೆ ಹೃದ್ರೋಗ ಆಸ್ಪತ್ರೆ ಆ ಪತ್ರವನ್ನು ಒಪ್ಪುವುದಿಲ್ಲ. ಪತ್ರಗಳು ಹಿಂದಿರುಗುವುದಕ್ಕೆ ಕಾರಣ ಹೆಚ್ಚುಕಡಿಮೆ ಯಾವಾಗಲೂ ಇವೇ: ಎಕ್ಸ್‌ರೇ ತೆಗೆದಿಲ್ಲ; ಆಪರೇಷನ್ನಿಗೆ ಮೂರು ದಿನ ಇರುವಾಗ ಹಲ್ಲು ಕಿತ್ತಿದ್ದಾರೆ; ಹೃದ್ರೋಗ ತಜ್ಞರನ್ನು ಕೇಳದೆ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದ್ದಾರೆ; ಅಥವಾ ಭಯಬಿದ್ದು ಇದ್ದ ಹಲ್ಲುಗಳನ್ನೆಲ್ಲ ಕೀಳಲು ಬರೆದಿದ್ದಾರೆ.

ಈ ಬರಹ ಊರಿನ ದಂತ ವೈದ್ಯರಿಗೆ, ಹೌಸ್‌ಸರ್ಜನ್‌ಗಳಿಗೆ. ರೋಗಿಯ ಮನೆಯವರೂ ಓದಬಹುದು, ಯಾವ ಹಂತದಲ್ಲಿ ಏನು ಕೇಳಬೇಕೆಂಬುದು ಅವರಿಗೂ ತಿಳಿದಿರಲಿ. ಒಂದು ಮಾತನ್ನು ಒತ್ತಿ ಹೇಳಬೇಕು: ಈ ತಪಾಸಣೆಯಲ್ಲಿ ಕೈಚಳಕಕ್ಕಿಂತ ಕ್ರಮ ದೊಡ್ಡದು. ಅದೇ ಕೆಲಸವನ್ನು ಹಿಂದುಮುಂದಾಗಿ ಮಾಡಿದರೆ ರೋಗಿಗೆ ಅಪಾಯ.

## ಯಾರಿಗೆ ಪೂರ್ಣ ತಪಾಸಣೆ, ಯಾರಿಗೆ ಬೇಡ

ಕೃತಕ ಕವಾಟ ಹಾಕಿಸಿಕೊಳ್ಳುವವರು, ಇರುವ ಕವಾಟಕ್ಕೆ ರಿಂಗ್ ಹಾಕಿ ದುರಸ್ತಿ ಮಾಡಿಸಿಕೊಳ್ಳುವವರು, ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸಿಕೊಳ್ಳುವವರು, ಮಹಾಪಧಮನಿಗೆ ಗ್ರಾಫ್ಟ್ ಹಾಕಿಸಿಕೊಳ್ಳುವವರು, ಹುಟ್ಟಿನಿಂದ ಬಂದ ರಂಧ್ರಕ್ಕೆ ಪ್ಯಾಚ್ ಹಾಕಿಸಿಕೊಳ್ಳುವ ಮಕ್ಕಳು, ಹೃದಯ ಕಸಿಗೆ ಕಾದಿರುವವರು: ಇವರೆಲ್ಲರಿಗೂ ಪೂರ್ಣ ತಪಾಸಣೆ ಬೇಕೇ ಬೇಕು. ವಸಡಿನ ಸಂದಿನಿಂದಲೋ ಬೇರಿನ ತುದಿಯ ಕೀವಿನಿಂದಲೋ ರಕ್ತಕ್ಕೆ ಸೇರಿದ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಹೊಸ ಕವಾಟದ ಮೇಲೆ ಕೂತರೆ ಎಂಡೋಕಾರ್ಡೈಟಿಸ್, ಅಂದರೆ ಹೃದಯದ ಒಳಪದರದ ಸೋಂಕು ಆಗುತ್ತದೆ. ಕೃತಕ ಕವಾಟದ ಮೇಲೆ ಕೂತ ಸೋಂಕು ಎಷ್ಟೋ ಸಲ ಔಷಧಕ್ಕೆ ಮಾತ್ರ ಬಗ್ಗುವುದಿಲ್ಲ, ಮತ್ತೆ ಎದೆ ತೆರೆಯಬೇಕಾಗುತ್ತದೆ.

ಬರೀ ಬೈಪಾಸ್ ಮಾಡಿಸಿಕೊಳ್ಳುವವರ ವಿಷಯ ಬೇರೆ. ಅವರಲ್ಲಿ ಕೀವು ತುಂಬಿದ ಹಲ್ಲು ಇದೆಯೇ, ಉಸಿರಿನ ಕೊಳವೆ ಹಾಕುವಾಗ ಉದುರುವಷ್ಟು ಸಡಿಲವಾದ ಹಲ್ಲು ಇದೆಯೇ ಎಂದು ನೋಡಿದರೆ ಸಾಕು. ಹುಳುಕು ಹಲ್ಲಿನ ನೆಪದಲ್ಲಿ ಬೈಪಾಸ್ ಮುಂದೂಡಬೇಡಿ.

ನಮ್ಮಲ್ಲಿ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ಇಪ್ಪತ್ತು, ಮೂವತ್ತರ ವಯಸ್ಸಿನಲ್ಲೇ ಆಪರೇಷನ್ನಿಗೆ ಬರುತ್ತಾರೆ. ಬಾಯಲ್ಲಿ ಇನ್ನೂ ಇಪ್ಪತ್ತೆಂಟೋ ಮೂವತ್ತೋ ಹಲ್ಲುಗಳಿರುತ್ತವೆ. ಅವು ಮುಂದಿನ ನಲವತ್ತು ವರ್ಷ ಆ ಕವಾಟದ ಜೊತೆ ಬಾಳಬೇಕಾದ ಹಲ್ಲುಗಳು. ತೀರ್ಮಾನ ಮಾಡುವಾಗ ಇದು ಮನಸ್ಸಿನಲ್ಲಿರಲಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಮೌತ್ ಮಿರರ್, ಎಕ್ಸ್‌ಪ್ಲೋರರ್, ಮಿಲಿಮೀಟರ್ ಗುರುತಿನ ಪೆರಿಯೋ ಪ್ರೋಬ್ (ವಿಲಿಯಮ್ಸ್ ಅಥವಾ ಯುಎನ್‌ಸಿ-15), ಕೋಲ್ಡ್ ಸ್ಪ್ರೇ, ಹತ್ತಿ ಉಂಡೆ, ಬಾಯಿ ಎಷ್ಟು ತೆರೆಯುತ್ತದೆಂದು ಅಳೆಯಲು ಸ್ಕೇಲ್. ಜೊತೆಗೆ ಬಿಪಿ ಯಂತ್ರ ಮತ್ತು ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್. ಇವೆರಡಿಲ್ಲದ ಚಿಕಿತ್ಸಾಲಯದಲ್ಲಿ ಕವಾಟದ ರೋಗಿಯ ಹಲ್ಲಿಗೆ ಕೈಹಾಕುವುದು ಬೇಡ. ಒಪಿಜಿ ಎಕ್ಸ್‌ರೇ (ಎರಡೂ ದವಡೆಯ ಹಲ್ಲುಗಳೆಲ್ಲ ಒಂದೇ ಚಿತ್ರದಲ್ಲಿ ಕಾಣುವಂಥದ್ದು) ನಿಮ್ಮಲ್ಲೇ ಇರಬೇಕೆಂದಿಲ್ಲ, ಎಲ್ಲಿ ತೆಗೆಯುತ್ತಾರೆಂದು ಗೊತ್ತಿದ್ದರೆ ಆಯಿತು.

## ಹಂತ 1: ಬಾಯಿ ತೆರೆಸುವ ಮುನ್ನ ದಿನಾಂಕ ಕೇಳಿ

ಮೊದಲ ಪ್ರಶ್ನೆ, ‘ಆಪರೇಷನ್ ಯಾವತ್ತು?’ ಉತ್ತರ ಸಿಗುವವರೆಗೆ ಮುಂದಿನ ಯಾವ ತೀರ್ಮಾನಕ್ಕೂ ಅರ್ಥವಿಲ್ಲ. ಕೃತಕ ಕವಾಟ ಕೂರಿಸುವುದಕ್ಕೆ ಕನಿಷ್ಠ 2 ವಾರ ಮೊದಲೇ ಹಲ್ಲಿನ ಸೋಂಕಿನ ಮೂಲಗಳನ್ನು ತೆಗೆದುಹಾಕಬೇಕು ಎಂದು ಯುರೋಪಿನ ಹೃದ್ರೋಗ ತಜ್ಞರ ಸಂಘದ 2023ರ ಮಾರ್ಗಸೂಚಿ ಹೇಳುತ್ತದೆ. ಆಪರೇಷನ್ ತುರ್ತಾಗಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಕಿತ್ತ ಹಲ್ಲಿನ ಗುಳಿಯ ಮೇಲೆ ವಸಡು ಮುಚ್ಚಿಕೊಳ್ಳಲು ಅಷ್ಟು ಸಮಯ ಬೇಕು.

ದಿನಾಂಕ ಇನ್ನೂ ನಿಗದಿಯಾಗಿಲ್ಲದಿದ್ದರೆ ಅದು ಒಳ್ಳೆಯ ಸುದ್ದಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಯ ಪೂರ್ವಾನುಮತಿಗೆ ಕಾಯುತ್ತಿರುವ ಕಾಲವೇ ಹಲ್ಲಿನ ಕೆಲಸ ಮುಗಿಸಲು ಸರಿಯಾದ ಕಾಲ. ಅನುಮತಿ ಬರಲಿ, ಆಮೇಲೆ ನೋಡೋಣ ಎಂದು ಕಾದವರಿಗೆ ದಾಖಲಾತಿಯ ಹಿಂದಿನ ದಿನ ಹಲ್ಲು ನೆನಪಾಗುತ್ತದೆ.

ದಿನಗಳನ್ನು ಮೂರು ಪಾಲು ಮಾಡಿಕೊಳ್ಳಿ. ಮೂರು ವಾರಕ್ಕಿಂತ ಹೆಚ್ಚು ಇದ್ದರೆ ರೂಟ್ ಕೆನಾಲ್, ಕೀಳುವುದು, ಕ್ಲೀನಿಂಗ್ ಎಲ್ಲಕ್ಕೂ ಸಮಯವಿದೆ. ಎರಡರಿಂದ ಮೂರು ವಾರ ಇದ್ದರೆ ಕೀಳಬೇಕಾದ್ದನ್ನು ಇಂದೋ ನಾಳೆಯೋ ಕೀಳಬೇಕು. ಎರಡು ವಾರಕ್ಕಿಂತ ಕಡಿಮೆ ಇದ್ದರೆ ಯಾವ ಹಲ್ಲನ್ನೂ ಮುಟ್ಟುವ ಮುನ್ನ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ. ದಿನ ಮುಂದೂಡಬಹುದೇ, ಇಲ್ಲವೇ ಎಂದು ಹೇಳಬೇಕಾದವರು ಅವರು.

## ಹಂತ 2: ಔಷಧ ಮತ್ತು ಹೃದಯದ ಸ್ಥಿತಿ

ರೋಗಿಯ ಬಾಯಿಮಾತನ್ನು ನಂಬಿ ಕೂರಬೇಡಿ, ಮಾತ್ರೆಯ ಪಟ್ಟಿಗಳನ್ನೇ ತರಲು ಹೇಳಿ. ಬಹಳ ಜನರಿಗೆ ಹೆಸರು ಗೊತ್ತಿರುವುದಿಲ್ಲ, ‘ಸಣ್ಣ ಬಿಳಿ ಮಾತ್ರೆ’ ಎನ್ನುತ್ತಾರೆ. ತಪ್ಪದೆ ಕೇಳಬೇಕಾದ ಪ್ರಶ್ನೆಗಳು ಇವು:

‘ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ದೀರಾ? ಅದಕ್ಕೆ ಅಂತ ರಕ್ತ ಪರೀಕ್ಷೆ ಮಾಡಿಸ್ತೀರಾ?’ ಅಸಿಟ್ರಾಮ್ ಅಥವಾ ವಾರ್ಫರಿನ್ ಆಗಿದ್ದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳುವ ಇತ್ತೀಚಿನ ಐಎನ್‌ಆರ್ ಚೀಟಿ ನೋಡಿ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಕೂಡ ತೆಗೆದುಕೊಳ್ಳುತ್ತಿರಬಹುದು.

‘21 ದಿನಕ್ಕೊಮ್ಮೆ ಸೊಂಟಕ್ಕೆ ಸೂಜಿ ಹಾಕಿಸಿಕೊಳ್ತೀರಾ?’ ರುಮ್ಯಾಟಿಕ್ ರೋಗಿಗಳಿಗೆ ಕೊಡುವ 12 ಲಕ್ಷ ಯೂನಿಟ್ಟಿನ ಬೆಂಜಥೀನ್ ಪೆನಿಸಿಲಿನ್ ಇದು. ಅಂಗಡಿಯಲ್ಲಿ ಪೆನಿಡ್ಯೂರ್ ಎಂದು ಸಿಗುತ್ತದೆ. ಇದನ್ನು ಕೇಳದೆ ಬಿಡುವುದು ಅತಿ ಸಾಮಾನ್ಯ ತಪ್ಪು. ಸದಾ ಪೆನಿಸಿಲಿನ್ ಪಡೆಯುವವರ ಬಾಯಿಯ ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನ್‌ಗೆ ಜಗ್ಗದಿರಬಹುದು. ಅಂಥವರಿಗೆ ಬೇರೆ ವರ್ಗದ ಔಷಧವನ್ನು ಆರಿಸಬೇಕು.

‘ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?’ ಎರಡು, ಮೂರು ಎಂದರೆ ಅವರನ್ನು ಡೆಂಟಲ್ ಚೇರಿನಲ್ಲಿ ಚಪ್ಪಟೆಯಾಗಿ ಮಲಗಿಸುವಂತಿಲ್ಲ. 45 ಡಿಗ್ರಿಯಲ್ಲಿ ಕೂರಿಸಿಯೇ ಕೆಲಸ ಮಾಡಿ.

‘ನಡೆಯುವಾಗ ಕಣ್ಣು ಕತ್ತಲೆ ಬಂದು ಬಿದ್ದದ್ದುಂಟಾ?’ ಮಹಾಪಧಮನಿಯ ಕವಾಟ ತೀರ ಕಿರಿದಾದವರಲ್ಲಿ ಇದು ಅಪಾಯದ ಗುರುತು. ಇವರಿಗೆ ಎದೆನೋವು ಬಂದರೆ ನಾಲಿಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆ ಕೊಡಲು ಮುಂದಾಗಬೇಡಿ, ರಕ್ತದೊತ್ತಡ ಕುಸಿಯಬಹುದು. ಹಲ್ಲು ಕೀಳುವುದಿದ್ದರೆ ಇವರನ್ನು ಆಸ್ಪತ್ರೆಗೇ ಕಳಿಸಿ.

ಹಿಂದೆ ಎಂಡೋಕಾರ್ಡೈಟಿಸ್ ಆಗಿತ್ತೇ, ಮೊದಲೇ ಕೃತಕ ಕವಾಟ ಇದೆಯೇ, ಪೇಸ್‌ಮೇಕರ್ ಇದೆಯೇ, ಪೆನಿಸಿಲಿನ್ ಅಲರ್ಜಿ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ ಎಂದೂ ಬರೆದುಕೊಳ್ಳಿ. ಪೇಸ್‌ಮೇಕರ್ ಇದ್ದರೆ ಹಲ್ಲಿನ ನರ ಪರೀಕ್ಷಿಸುವ ವಿದ್ಯುತ್ತಿನ ಪಲ್ಪ್ ಟೆಸ್ಟರ್ ಬದಲು ಕೋಲ್ಡ್ ಸ್ಪ್ರೇ ಬಳಸುವುದು ಕ್ಷೇಮ.

## ಹಂತ 3: ಪ್ರೋಬ್ ಹಾಕುವುದಕ್ಕೆ ಮೊದಲೇ ಆಂಟಿಬಯೋಟಿಕ್ ತೀರ್ಮಾನ

ಇಲ್ಲೇ ಕ್ರಮ ತಪ್ಪುವುದು ಹೆಚ್ಚು. ಪ್ರೋಬ್ ಹಾಕಿ ವಸಡಿನ ಆಳ ಅಳೆಯುವುದು ಬರೀ ನೋಟವಲ್ಲ, ವಸಡನ್ನು ಕೆದಕುವ ಕೆಲಸ. ಅದರಿಂದಲೂ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ. ರೋಗಿ ಅಪಾಯದ ಗುಂಪಿನವರಾದರೆ ಔಷಧ ಕೊಟ್ಟ ಮೇಲೆಯೇ ಪ್ರೋಬ್.

ಆ ಗುಂಪು ನಾಲ್ಕು ಬಗೆಯದು: ಈಗಾಗಲೇ ಕೃತಕ ಕವಾಟ ಅಥವಾ ರಿಂಗ್ ಇರುವವರು; ಹಿಂದೆ ಎಂಡೋಕಾರ್ಡೈಟಿಸ್ ಆದವರು; ಹುಟ್ಟಿನಿಂದ ಬಂದ ಹೃದ್ರೋಗದವರಲ್ಲಿ ಸರಿಪಡಿಸದ, ಮೈ ನೀಲಿಗಟ್ಟುವ ಬಗೆಯದು, ಆರು ತಿಂಗಳೊಳಗೆ ಹಾಕಿದ ಪ್ಯಾಚ್, ಅಥವಾ ಪ್ಯಾಚಿನ ಪಕ್ಕ ಇನ್ನೂ ಸೋರಿಕೆ ಇರುವವರು; ಕಸಿ ಮಾಡಿದ ಹೃದಯದಲ್ಲಿ ಕವಾಟ ಕೆಟ್ಟವರು. ಮೊದಲ ಸಲ ಆಪರೇಷನ್ನಿಗೆ ಹೋಗುತ್ತಿರುವ, ಸ್ವಂತ ಕವಾಟವೇ ಕೆಟ್ಟಿರುವ ರುಮ್ಯಾಟಿಕ್ ರೋಗಿ ಅಮೆರಿಕದ ಹೃದ್ರೋಗ ಸಂಘದ ಈ ಪಟ್ಟಿಯಲ್ಲಿಲ್ಲ. ಆದರೂ ಇಂಥವರಿಗೂ ಕೊಡಿ ಎನ್ನುವ ಹೃದ್ರೋಗ ತಜ್ಞರು ನಮ್ಮಲ್ಲಿ ಸಾಕಷ್ಟು ಇದ್ದಾರೆ. ನೀವೇ ಊಹಿಸದೆ ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ.

ಪ್ರಮಾಣ: ದೊಡ್ಡವರಿಗೆ ಅಮಾಕ್ಸಿಸಿಲಿನ್ 2 ಗ್ರಾಂ, ಅಂದರೆ 500 ಮಿ.ಗ್ರಾಂನ ನಾಲ್ಕು ಕ್ಯಾಪ್ಸೂಲ್, ಕೆಲಸಕ್ಕೆ 30ರಿಂದ 60 ನಿಮಿಷ ಮೊದಲು ಒಂದೇ ಸಲ. ಮಕ್ಕಳಿಗೆ ಕೆ.ಜಿ.ಗೆ 50 ಮಿ.ಗ್ರಾಂ, ಆದರೆ ದೊಡ್ಡವರ ಪ್ರಮಾಣ ಮೀರದಂತೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಅಥವಾ ಪೆನಿಡ್ಯೂರ್ ನಡೆಯುತ್ತಿದ್ದರೆ ಅಜಿತ್ರೋಮೈಸಿನ್ 500 ಮಿ.ಗ್ರಾಂ ಇಲ್ಲವೇ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ಹೃದಯದ ಲಯ ಸರಿಪಡಿಸಲು ಅಮಿಯೊಡಾರೋನ್ ತೆಗೆದುಕೊಳ್ಳುತ್ತಿರುವವರಿಗೆ ಅಜಿತ್ರೋಮೈಸಿನ್ ಕೊಡುವ ಮುನ್ನ ಹೃದ್ರೋಗ ತಜ್ಞರನ್ನು ಕೇಳಿ, ಎರಡೂ ಸೇರಿ ಹೃದಯದ ಲಯ ಕೆಡಿಸಬಹುದು. ಕ್ಲಿಂಡಾಮೈಸಿನ್ ಅನ್ನು ಅಮೆರಿಕದ ಸಂಘ 2021ರಲ್ಲೇ ಈ ಪಟ್ಟಿಯಿಂದ ಕೈಬಿಟ್ಟಿದೆ. ಹಳೆಯ ಪಠ್ಯ ನೋಡಿ ಅದನ್ನೇ ಬರೆಯುವುದು ಇನ್ನೂ ನಡೆಯುತ್ತಿದೆ, ನಿಲ್ಲಬೇಕು.

ಐದು ದಿನ ಬೆಳಗ್ಗೆ ಸಂಜೆ ಆಂಟಿಬಯೋಟಿಕ್ ಬರೆದುಕೊಟ್ಟು ‘ಆಮೇಲೆ ಬನ್ನಿ’ ಎಂದು ಕಳಿಸುವುದು ಇದಕ್ಕೆ ಪರ್ಯಾಯವಲ್ಲ. ಅದರಿಂದ ಕೆಲಸದ ದಿನ ರಕ್ತದಲ್ಲಿ ಬೇಕಾದ ಪ್ರಮಾಣ ಇರುವುದಿಲ್ಲ, ಬಾಯಲ್ಲಿ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಮಾತ್ರ ಉಳಿಯುತ್ತದೆ. ಔಷಧ ಕೊಟ್ಟ ದಿನ ರೋಗಿ ತಡೆದುಕೊಳ್ಳುವಷ್ಟು ಕೆಲಸವನ್ನು ಒಂದೇ ಸಲ ಮುಗಿಸುವುದು ಜಾಣತನ.

## ಹಂತ 4: ಬಾಯಿಯ ಪರೀಕ್ಷೆ, ಹೊರಗಿನಿಂದ ಒಳಕ್ಕೆ

ಬಿಪಿ, ನಾಡಿ, ಆಮ್ಲಜನಕದ ಅಂಕಿ ಮೊದಲು ಬರೆಯಿರಿ. ನೀಲಿಗಟ್ಟುವ ಹೃದ್ರೋಗದ ಮಗುವಿನಲ್ಲಿ ಆಮ್ಲಜನಕ 80ರ ಆಸುಪಾಸಿನಲ್ಲಿದ್ದರೆ ಅದು ಆ ಮಗುವಿನ ನಿತ್ಯದ ಮಟ್ಟವಿರಬಹುದು. ಅಮ್ಮನನ್ನು ಕೇಳಿ, ಹಳೆಯ ಚೀಟಿ ನೋಡಿ. ಅಲ್ಲಿಂದ ಕೆಳಗಿಳಿದರೆ ಮಾತ್ರ ಎಚ್ಚರಿಕೆ.

ಕೆನ್ನೆ ಊದಿದೆಯೇ, ದವಡೆಯ ಕೆಳಗೆ ಗಂಟು ಸಿಗುತ್ತದೆಯೇ ಎಂದು ಕೈಯಿಂದ ಒತ್ತಿ ನೋಡಿ. ಆಮೇಲೆ ಬಾಯಿ ತೆರೆಸಿ ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆದು ಮಿಲಿಮೀಟರಿನಲ್ಲಿ ಬರೆಯಿರಿ. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯೊಳಗಿನ ಚರ್ಮ ಬಿಳುಚಿ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗಿರುತ್ತದೆ. 25 ಮಿ.ಮೀ.ಗಿಂತ ಕಡಿಮೆ ತೆರೆಯುವವರಿಗೆ ಉಸಿರಿನ ಕೊಳವೆ ಹಾಕುವುದು ಅರಿವಳಿಕೆ ತಜ್ಞರಿಗೆ ದೊಡ್ಡ ಸವಾಲು. ಈ ಒಂದು ಅಂಕಿಗಾಗಿಯೇ ಅವರು ನಿಮ್ಮ ಪತ್ರವನ್ನು ಹುಡುಕಿ ಓದುತ್ತಾರೆ.

ನಂತರ ನಾಲಿಗೆ, ಅದರ ಕೆಳಭಾಗ, ಅಂಗುಳ. ಹಲ್ಲಿನ ಸೆಟ್ ಹಾಕಿಕೊಂಡವರಿದ್ದರೆ ತೆಗೆಸಿ ನೋಡಿ. ಸೆಟ್ಟಿನ ಕೆಳಗೆ ಅಂಗುಳ ಕೆಂಪಾಗಿದ್ದರೆ ಶಿಲೀಂಧ್ರದ ಸೋಂಕು ಇರಬಹುದು. ಇದಕ್ಕೆ ಮೈಕೊನಜೋಲ್ ಜೆಲ್ ಬರೆಯುವುದು ಅಭ್ಯಾಸವಾಗಿದೆ. ಅಸಿಟ್ರಾಮ್, ವಾರ್ಫರಿನ್ ಮೇಲಿರುವವರಿಗೆ ಅದನ್ನು ಬರೆಯಬೇಡಿ, ಬಾಯಿಗೆ ಹಚ್ಚುವ ಜೆಲ್ಲಿನಿಂದಲೇ ಐಎನ್‌ಆರ್ ಏರುತ್ತದೆ. ನಿಸ್ಟಾಟಿನ್ ಆಗಬಹುದು.

ಈಗ ಹಲ್ಲುಗಳು. ಮೇಲಿನ ಬಲತುದಿಯಿಂದ ಶುರುಮಾಡಿ ಕೆಳಗಿನ ಬಲತುದಿಯಲ್ಲಿ ಮುಗಿಸಿ, ಒಂದನ್ನೂ ಹಾರಿಸಬೇಡಿ. ಪ್ರತಿ ಹಲ್ಲಿಗೂ ಐದು ವಿಷಯ: ಹುಳುಕು ಎಷ್ಟು ಆಳ, ತಟ್ಟಿದರೆ ನೋವೇ, ಎರಡು ಉಪಕರಣಗಳ ಹಿಡಿಗಳ ನಡುವೆ ಇಟ್ಟು ಅಲ್ಲಾಡಿಸಿದರೆ ಎಷ್ಟನೇ ದರ್ಜೆಯ ಸಡಿಲು, ವಸಡಿನಲ್ಲಿ ಕೀವು ಒಸರುವ ಸಣ್ಣ ಗುಳ್ಳೆ ಇದೆಯೇ, ಪ್ರೋಬಿನಿಂದ ಆರು ಕಡೆ ಅಳೆದ ಆಳ. 6 ಮಿ.ಮೀ. ಅಥವಾ ಹೆಚ್ಚು ಆಳವಿದ್ದು ರಕ್ತವೋ ಕೀವೋ ಬಂದರೆ ವೃತ್ತ ಹಾಕಿ ಗುರುತಿಸಿ.

ಪಾವಗಡ, ಕೋಲಾರದ ಕಡೆಯಿಂದ ಬಂದವರ ಹಲ್ಲಿನ ಕಂದು ಕಲೆ, ಸಣ್ಣ ಗುಳಿಗಳು ಫ್ಲೋರೈಡ್ ನೀರಿನಿಂದ ಬಂದವೂ ಆಗಿರಬಹುದು. ನೋಡಿದ ಕೂಡಲೇ ‘ಹಲವು ಹುಳುಕು’ ಎಂದು ಬರೆದುಬಿಡಬೇಡಿ.

ಹಲ್ಲಿನೊಳಗಿನ ನರ ಸತ್ತಿರುವ ಅನುಮಾನವಿದ್ದರೆ ತಣ್ಣನೆಯ ಪರೀಕ್ಷೆ ಮಾಡಿ. ಹಲ್ಲು ಒಣಗಿಸಿ, ಸ್ಪ್ರೇ ಹೊಡೆದ ಹತ್ತಿ ಉಂಡೆಯನ್ನು ಮೊದಲು ಇನ್ನೊಂದು ಬದಿಯ ಒಳ್ಳೆಯ ಹಲ್ಲಿಗೆ ಮುಟ್ಟಿಸಿ, ಆಮೇಲೆ ಅನುಮಾನದ ಹಲ್ಲಿಗೆ. ಎಕ್ಸ್‌ರೇ ಚೆನ್ನಾಗಿದ್ದರೂ ಈ ಪರೀಕ್ಷೆ ಬಿಡುವಂತಿಲ್ಲ. ಮೂಳೆಯ ಖನಿಜ ಸಾಕಷ್ಟು ಕರಗಿದ ಮೇಲಷ್ಟೇ ಬೇರಿನ ತುದಿಯ ಕಪ್ಪು ಎಕ್ಸ್‌ರೇಯಲ್ಲಿ ಕಾಣುತ್ತದೆ.

## ಹಂತ 5: ಎಕ್ಸ್‌ರೇ ಇಲ್ಲದೆ ಪತ್ರ ಇಲ್ಲ

ಎಲ್ಲರಿಗೂ ಒಪಿಜಿ. ಅನುಮಾನ ಬಂದ ಪ್ರತಿ ಹಲ್ಲಿಗೂ, ಕೆಲವೇ ಹಲ್ಲುಗಳನ್ನು ಬೇರಿನ ತುದಿಯವರೆಗೆ ತೋರಿಸುವ ಸಣ್ಣ ಐಒಪಿಎ ಎಕ್ಸ್‌ರೇ. ಒಪಿಜಿ ಒಂದರಿಂದಲೇ ತೀರ್ಮಾನಿಸಬಾರದು, ಮುಂಭಾಗದ ಹಲ್ಲುಗಳ ಮೇಲೆ ಬೆನ್ನುಮೂಳೆಯ ನೆರಳು ಬಿದ್ದು ಬೇರಿನ ತುದಿ ಮಸುಕಾಗುತ್ತದೆ.

‘ಅಜ್ಜಿಗೆ ಹಲ್ಲೇ ಇಲ್ಲ, ಎಕ್ಸ್‌ರೇ ಯಾಕೆ’ ಎಂದು ಮನೆಯವರು ಕೇಳುತ್ತಾರೆ. ಬೇಕು. ಹಿಂದೆ ಹಲ್ಲು ಕೀಳುವಾಗ ಒಳಗೆ ಮುರಿದುಳಿದ ಬೇರಿನ ತುಂಡು, ಮೂಳೆಯೊಳಗೆ ಹುದುಗಿದ ಬುದ್ಧಿಹಲ್ಲು, ನೀರುಗಂಟು ಇವು ಹಲ್ಲಿಲ್ಲದ ಬಾಯಲ್ಲೂ ಇರುತ್ತವೆ.

ಎಕ್ಸ್‌ರೇ ನೋಡುವಾಗಲೂ ಒಂದು ಕ್ರಮವಿರಲಿ: ಬೇರಿನ ತುದಿಗಳು, ಮೂಳೆಯ ಮಟ್ಟ, ಹಳೆಯ ರೂಟ್ ಕೆನಾಲ್‌ಗಳು, ಬುದ್ಧಿಹಲ್ಲುಗಳು, ಕೊನೆಗೆ ಮೇಲ್ದವಡೆಯ ಸೈನಸ್‌ಗಳ ತಳ.

## ಹಂತ 6: ಯಾವ ಹಲ್ಲು ಉಳಿಯಬೇಕು, ಯಾವುದು ಹೋಗಬೇಕು

ಈ ಹಂತದಲ್ಲಿ ಎರಡು ಅತಿಗಳಿವೆ. ಒಂದು, ಏನನ್ನೂ ಮಾಡದೆ ಸಹಿ ಹಾಕುವುದು. ಇನ್ನೊಂದು, ಎಲ್ಲವನ್ನೂ ಕಿತ್ತು ಕೈತೊಳೆದುಕೊಳ್ಳುವುದು. ಎರಡನೆಯದು ಸುರಕ್ಷಿತ ಎಂಬ ಭಾವನೆ ಇದೆ, ಅದು ಸರಿಯಲ್ಲ. ಹೃದಯ ಶಸ್ತ್ರಚಿಕಿತ್ಸೆಗೆ ಮುನ್ನ ಹಲ್ಲು ಕೀಳಿಸಿಕೊಂಡ 205 ರೋಗಿಗಳ ದಾಖಲೆಗಳನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನ ತಂಡ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿತು. ಅವರಲ್ಲಿ ಶೇ 8ರಷ್ಟು ಮಂದಿಗೆ ಸಾವೂ ಸೇರಿದಂತೆ ಗಂಭೀರ ತೊಂದರೆಗಳಾಗಿದ್ದವು. ಕವಾಟ ಕೆಟ್ಟ ಹೃದಯಕ್ಕೆ ಹಲ್ಲು ಕೀಳಿಸಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಆದ್ದರಿಂದ ಕೀಳುವ ಪ್ರತಿ ಹಲ್ಲಿಗೂ ಬರೆದಿಡಬಹುದಾದ ಕಾರಣ ಬೇಕು.

ಕೀಳಬೇಕಾದವು: ಕೀವಾಗಿರುವ, ತುಂಬಿಸಿ ಉಳಿಸಲಾಗದ ಹಲ್ಲು, ಬಾಯಿಗೆ ತೆರೆದುಕೊಂಡಿರುವ ಕೊಳೆತ ಬೇರುಗಳು, ಮೇಲೆ ಕೆಳಗೂ ಅಲ್ಲಾಡುವ ಮೂರನೇ ದರ್ಜೆಯ ಸಡಿಲು, ಉದ್ದುದ್ದ ಸೀಳಿದ ಬೇರು, ಪದೇ ಪದೇ ಊದಿಕೊಳ್ಳುವ ಅರ್ಧ ಹೊರಬಂದ ಬುದ್ಧಿಹಲ್ಲು.

ಬಿಟ್ಟುಬಿಡಬೇಕಾದವು: ನೋವಿಲ್ಲದ, ತುದಿಯಲ್ಲಿ ಕಪ್ಪಿಲ್ಲದ ಹಳೆಯ ರೂಟ್ ಕೆನಾಲ್ ಹಲ್ಲು, ಪೂರ್ತಿ ಮೂಳೆಯೊಳಗೆ ಸುಮ್ಮನೆ ಮಲಗಿರುವ ಬುದ್ಧಿಹಲ್ಲು, ಸುತ್ತ ಕಪ್ಪಿಲ್ಲದ ಹೂತ ಬೇರಿನ ತುಂಡು. ಇವನ್ನು ಅಗೆದು ತೆಗೆಯಲು ಹೋದರೆ ಇಲ್ಲದ ಗಾಯವನ್ನು ಮಾಡಿದಂತಾಗುತ್ತದೆ.

ಉಳಿಸಬಹುದಾದ ಹಲ್ಲಿಗೆ, ಮೂರು ವಾರ ಇದ್ದರೆ, ರೂಟ್ ಕೆನಾಲ್. ಶುರುಮಾಡಿದರೆ ಮುಗಿಸಲೇಬೇಕು. ಕೀವು ಇಳಿಯಲೆಂದು ಹಲ್ಲನ್ನು ತೆರೆದು ಬಿಟ್ಟು ರೋಗಿಯನ್ನು ಆಪರೇಷನ್ನಿಗೆ ಕಳಿಸುವುದು ಘೋರ ತಪ್ಪು. ಆಳವಿಲ್ಲದ ಹುಳುಕನ್ನು ಅದೇ ದಿನ ಗ್ಲಾಸ್ ಅಯೊನೊಮರ್‌ನಿಂದ ತುಂಬಿಸಿ. ಹಲ್ಲು ಕ್ಲೀನಿಂಗ್ ಎಲ್ಲರಿಗೂ ಆಗಬೇಕು.

ಕಷ್ಟದ ಪ್ರಶ್ನೆ ಒಂದಿದೆ: ನೋವಿಲ್ಲದ ಹಳೆಯ ರೂಟ್ ಕೆನಾಲ್ ಹಲ್ಲು, ತುದಿಯಲ್ಲಿ ಸಣ್ಣ ಕಪ್ಪು. ಹಳೆಯ ಎಕ್ಸ್‌ರೇ ಸಿಕ್ಕರೆ ಹೋಲಿಸಿ. ಕಪ್ಪು ಕುಗ್ಗಿದ್ದರೆ ಗಾಯ ಮಾಯುತ್ತಿದೆ, ಬಿಡಬಹುದು. ಬೆಳೆದಿದ್ದರೆ ಬಿಡುವಂತಿಲ್ಲ. ಹೋಲಿಸಲು ಏನೂ ಇಲ್ಲದಿದ್ದರೆ ಒಬ್ಬರೇ ನಿರ್ಧರಿಸದೆ ಶಸ್ತ್ರಚಿಕಿತ್ಸಕರೊಡನೆ ಮಾತಾಡಿ.

ಮಕ್ಕಳಲ್ಲಿ ನಿಯಮ ಬೇರೆ. ನರದವರೆಗೆ ಹುಳುಕು ಹೋದ ಹಾಲುಹಲ್ಲಿಗೆ ನರದ ಚಿಕಿತ್ಸೆ ಮಾಡಿ ಉಳಿಸುವ ಪ್ರಯತ್ನ ಬೇಡ, ಕೀಳುವುದೇ ಸರಿ. ಒಳಗೆ ಉಳಿದ ಸೋಂಕು ಮತ್ತೆ ತಲೆಯೆತ್ತುವ ಸಾಧ್ಯತೆಯನ್ನು ಈ ಮಕ್ಕಳ ಹೃದಯದ ಮೇಲೆ ಹೇರಬಾರದು.

## ಹಂತ 7: ಕೀಳುವುದಾದರೆ ಹೀಗೆ

ಮಾತ್ರೆ ನಿಲ್ಲಿಸಬೇಡಿ. ವಾರ್ಫರಿನ್, ಅಸಿಟ್ರಾಮ್ ತೆಗೆದುಕೊಳ್ಳುವವರಿಗೆ ಹಿಂದಿನ 24 ಗಂಟೆಯೊಳಗಿನ ಐಎನ್‌ಆರ್ 3.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸರಳವಾಗಿ ಕೀಳಬಹುದು. ಕಿತ್ತ ಗುಳಿಯ ರಕ್ತಸ್ರಾವವನ್ನು ಒತ್ತಿ, ಹೊಲಿದು ನಿಲ್ಲಿಸಬಹುದು. ಮಾತ್ರೆ ನಿಂತಾಗ ಹೃದಯದಲ್ಲಿ ಕಟ್ಟಿದ ಗರಣೆ ಮಿದುಳಿಗೆ ಹೋದರೆ ಪಾರ್ಶ್ವವಾಯು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಕೂಡ ಹೃದ್ರೋಗ ತಜ್ಞರ ಅಪ್ಪಣೆಯಿಲ್ಲದೆ ನಿಲ್ಲಿಸುವಂತಿಲ್ಲ. ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸಾಲಯದಲ್ಲಿ ಕೀಳಬೇಡಿ.

ಅರಿವಳಿಕೆ ಚುಚ್ಚುವ ಮುನ್ನ ಲಿಗ್ನೊಕೇನ್ ವಯಲ್ ಮೇಲಿನ ಅನುಪಾತ ಓದಿ. ಹೃದ್ರೋಗಿಗೆ ಒಂದು ಸಲಕ್ಕೆ ಅಡ್ರಿನಲಿನ್ 0.04 ಮಿ.ಗ್ರಾಂ ಮೀರಬಾರದು. 1:80,000 ಎಂದಿದ್ದರೆ ಮಿ.ಲೀ.ಗೆ 12.5 ಮೈಕ್ರೋಗ್ರಾಂ, ಅಂದರೆ 3.2 ಮಿ.ಲೀ.ಗೆ ಮಿತಿ ಮುಗಿಯಿತು. 1:2,00,000 ಆದರೆ 8 ಮಿ.ಲೀ. ವರೆಗೆ. ಎರಡನೆಯದನ್ನೇ ತರಿಸಿಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ಸಲವೂ ಸಿರಿಂಜನ್ನು ಹಿಂದಕ್ಕೆ ಎಳೆದು ರಕ್ತ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಿಧಾನವಾಗಿ ಬಿಡಿ. ಅಡ್ರಿನಲಿನ್ ಭಯದಿಂದ ಅದಿಲ್ಲದ ಔಷಧ ಕೊಟ್ಟು ಅರ್ಧಂಬರ್ಧ ಮರಗಟ್ಟಿಸಿದರೆ ನೋವಿಗೆ ರೋಗಿಯ ದೇಹವೇ ಅದಕ್ಕಿಂತ ಹೆಚ್ಚು ಅಡ್ರಿನಲಿನ್ ಸುರಿಸುತ್ತದೆ.

ಮೊದಲು ಒಂದೇ ಹಲ್ಲು ಕಿತ್ತು ರಕ್ತ ಎಷ್ಟು ಬೇಗ ನಿಲ್ಲುತ್ತದೆಂದು ನೋಡಿ, ಆಮೇಲೆ ಮುಂದಿನದು. ಗುಳಿಗೆ ಜೆಲಟಿನ್ ಸ್ಪಾಂಜ್ ಇಟ್ಟು, ತಾನೇ ಕರಗುವ ದಾರದಿಂದ ಹೊಲಿಯಿರಿ. ರೇಷ್ಮೆ ದಾರ ಕೊಳೆ ಹಿಡಿಯುತ್ತದೆ, ತೆಗೆಯುವಾಗ ಮತ್ತೆ ವಸಡು ಕೆದಕಬೇಕಾಗುತ್ತದೆ. 30 ನಿಮಿಷ ಗಾಜ್ ಕಚ್ಚಿಸಿ, ರಕ್ತ ನಿಂತದ್ದನ್ನು ಕಣ್ಣಾರೆ ನೋಡಿಯೇ ಮನೆಗೆ ಕಳಿಸಿ. ಟ್ರಾನೆಕ್ಸಾಮಿಕ್ ಆಸಿಡ್ 500 ಮಿ.ಗ್ರಾಂ ಮಾತ್ರೆಯನ್ನು ಪುಡಿಮಾಡಿ 10 ಮಿ.ಲೀ. ನೀರಿಗೆ ಕಲಸಿದರೆ ಶೇ 5ರ ದ್ರಾವಣವಾಗುತ್ತದೆ. ಅದನ್ನು ಬಾಯಲ್ಲಿ ಎರಡು ನಿಮಿಷ ಇಟ್ಟುಕೊಂಡು ಉಗುಳುವುದು, ದಿನಕ್ಕೆ ನಾಲ್ಕು ಸಲ, ಎರಡು ದಿನ. ಮುಕ್ಕಳಿಸುವುದು ಬೇಡ, ಗರಣೆ ಕಿತ್ತುಬರುತ್ತದೆ.

ಹಲ್ಲು ಕಿತ್ತ ಮೇಲೆ ಎಲ್ಲರಿಗೂ ಬರೆಯುವ ಅದೇ ಮೂರು ಮಾತ್ರೆಗಳ ಚೀಟಿಯನ್ನು ಇವರಿಗೆ ಬರೆಯಬೇಡಿ. ಮೆಟ್ರೊನಿಡಜೋಲ್ ವಾರ್ಫರಿನ್ನಿನ ಪರಿಣಾಮವನ್ನು ವಿಪರೀತ ಹೆಚ್ಚಿಸುತ್ತದೆ. ಡೈಕ್ಲೋಫೆನಾಕ್, ಕೆಟೊರೊಲಾಕ್ ರಕ್ತಸ್ರಾವ ಹೆಚ್ಚಿಸಿ, ದೇಹದಲ್ಲಿ ನೀರು ನಿಲ್ಲಿಸಿ ಸೋತ ಹೃದಯವನ್ನು ಇನ್ನಷ್ಟು ಸೋಲಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಏಳನೇ ದಿನ ಮತ್ತು ಹದಿನಾಲ್ಕನೇ ದಿನ ಗುಳಿ ನೋಡಿ. ಹದಿನಾಲ್ಕನೇ ದಿನವೂ ಮೂಳೆ ಕಾಣುತ್ತಿದ್ದರೆ, ಕೀವಿನ ವಾಸನೆಯಿದ್ದರೆ ಕ್ಲಿಯರೆನ್ಸ್ ಕೊಡಬೇಡಿ.

## ಹಂತ 8: ಪತ್ರದಲ್ಲಿ ಇರಬೇಕಾದ್ದು

‘ಫಿಟ್’ ಎಂಬ ಪದ ಬೇಡ. ಶಸ್ತ್ರಚಿಕಿತ್ಸೆಗೆ ಫಿಟ್ ಎಂದು ಹೇಳುವುದು ನಮ್ಮ ಕೆಲಸವಲ್ಲ. ‘ಇಂಥ ದಿನದ ಪರೀಕ್ಷೆ ಮತ್ತು ಒಪಿಜಿ ಪ್ರಕಾರ ಬಾಯಲ್ಲಿ ಸಕ್ರಿಯ ಸೋಂಕಿನ ಮೂಲ ಕಂಡುಬಂದಿಲ್ಲ’ ಎಂದು ಬರೆಯಿರಿ. ಎಕ್ಸ್‌ರೇ ದಿನಾಂಕ, ಕಿತ್ತ ಹಲ್ಲುಗಳ ಸಂಖ್ಯೆ ಮತ್ತು ದಿನಾಂಕ, ಗುಳಿ ಮುಚ್ಚಿದೆಯೇ ಎಂಬುದು, ಬೇಕೆಂದೇ ಬಿಟ್ಟ ಹಲ್ಲುಗಳು ಮತ್ತು ಕಾರಣ, ಕೊಟ್ಟ ಆಂಟಿಬಯೋಟಿಕ್, ಬಾಯಿ ತೆರೆಯುವ ಅಳತೆ, ಸಡಿಲ ಹಲ್ಲು, ಕ್ಯಾಪ್, ತೆಗೆಯುವ ಸೆಟ್ ಇವುಗಳ ವಿವರ ಎಲ್ಲ ಸೇರಿರಲಿ. ಎದೆ ತೆರೆದಾಗ ಅನ್ನನಾಳಕ್ಕೆ ಎಕೋ ಕೊಳವೆಯನ್ನೂ ಇಳಿಸುತ್ತಾರೆ. ಸಡಿಲ ಹಲ್ಲಿನ ಬಗ್ಗೆ ಮೊದಲೇ ತಿಳಿಯದಿದ್ದರೆ ಅದು ಉದುರಿ ಶ್ವಾಸನಾಳಕ್ಕೆ ಹೋಗಬಹುದು. ಒಪಿಜಿ ಫಿಲ್ಮನ್ನು ಪತ್ರದ ಜೊತೆಗೇ ಕಳಿಸಿ.

ಪತ್ರಕ್ಕೂ ಆಯಸ್ಸಿದೆ. ಕೊಟ್ಟ ಮೇಲೆ ಆಪರೇಷನ್ ತಿಂಗಳುಗಟ್ಟಲೆ ಮುಂದೆ ಹೋದರೆ ಬಾಯಿಯನ್ನು ಮತ್ತೊಮ್ಮೆ ನೋಡಬೇಕು.

ಸಮಯವೇ ಇಲ್ಲದ ರೋಗಿಗಳಿರುತ್ತಾರೆ: ಕವಾಟದ ಮೇಲೆ ಈಗಾಗಲೇ ಸೋಂಕಿರುವವರು, ಉಸಿರಾಟಕ್ಕೆ ಒದ್ದಾಡುತ್ತಿರುವವರು. ಅವರನ್ನು ಹಲ್ಲಿಗಾಗಿ ತಡೆಯಬಾರದು. ಕಂಡದ್ದನ್ನು ಬರೆದು, ‘ಚಿಕಿತ್ಸೆ ಬಾಕಿ ಇದೆ’ ಎಂದು ಸ್ಪಷ್ಟಪಡಿಸಿ ಕಳಿಸಿ. ಸುಳ್ಳು ಕ್ಲಿಯರೆನ್ಸ್‌ಗಿಂತ ಬಾಕಿ ಪಟ್ಟಿ ಶಸ್ತ್ರಚಿಕಿತ್ಸಕರಿಗೆ ಹೆಚ್ಚು ಉಪಯುಕ್ತ.

## ಹಂತ 9: ಆಪರೇಷನ್ನಿನವರೆಗೆ ಮನೆಯಲ್ಲಿ

ದಿನಕ್ಕೆರಡು ಸಲ ಮೆತ್ತನೆಯ ಬ್ರಷ್. ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಶೇ 0.2ರ ಕ್ಲೋರ್‌ಹೆಕ್ಸಿಡಿನ್ 10 ಮಿ.ಲೀ. ಬಾಯಿಗೆ ಹಾಕಿಕೊಂಡು ಒಂದು ನಿಮಿಷ ಮುಕ್ಕಳಿಸಿ ಉಗುಳಬೇಕು. ಹಲ್ಲು ಕಿತ್ತಿದ್ದರೆ ಇದನ್ನು ಮಾರನೆಯ ದಿನದಿಂದ, ಬಾಯಲ್ಲಿ ಮೆಲ್ಲಗೆ ಆಡಿಸಿ ಉಗುಳುವಷ್ಟೇ ಮಾಡಲಿ. ಪೇಸ್ಟ್ ಬಾಯಲ್ಲಿರುವಾಗಲೇ ಹಾಕಿಕೊಂಡರೆ ಅದರ ಶಕ್ತಿ ಕುಂದುತ್ತದೆ. ಉರಿ ಅನಿಸಿದರೆ ಸಮ ನೀರು ಬೆರೆಸಿಕೊಳ್ಳಲಿ. ಉಗುಳಲು ಬಾರದ ಸಣ್ಣ ಮಕ್ಕಳಿಗೆ ಗಾಜಿನಲ್ಲಿ ಅದ್ದಿ ಹಲ್ಲು, ವಸಡು ಒರೆಸಿದರೆ ಸಾಕು. ಪೊರಕೆ ಕಡ್ಡಿ, ಪಿನ್ನು ಹಾಕಿ ಹಲ್ಲಿನ ಸಂದಿ ಚುಚ್ಚುವುದು, ನೋವಿದ್ದ ಕಡೆ ಹೊಗೆಸೊಪ್ಪು ಒತ್ತುವುದು ಬಿಡಬೇಕು. ವಸಡಿನಲ್ಲಿ ರಕ್ತ ಬರುತ್ತದೆಂದು ಉಜ್ಜುವುದನ್ನೇ ಬಿಟ್ಟರೆ ರಕ್ತ ಇನ್ನೂ ಹೆಚ್ಚು ಬರುತ್ತದೆ.

ಕೂಡಲೇ ಫೋನ್ ಮಾಡಬೇಕಾದ ಸೂಚನೆಗಳು: ಅರ್ಧ ಗಂಟೆ ಗಾಜ್ ಕಚ್ಚಿದರೂ ನಿಲ್ಲದ ರಕ್ತ, ಮೂರನೇ ದಿನದ ನಂತರ ಹೆಚ್ಚುತ್ತಿರುವ ನೋವು, ಕೆನ್ನೆ ಅಥವಾ ಗಂಟಲ ಕೆಳಗಿನ ಊತ, ನುಂಗಲು ಕಷ್ಟ, 100 ಡಿಗ್ರಿ ಮೀರಿದ ಜ್ವರ, ಮಲಗಿದರೆ ಕಟ್ಟುವ ಉಸಿರು.

## ಕವಾಟ ಹಾಕಿಸಿಕೊಂಡ ಮೇಲೆ

ತುರ್ತಿಲ್ಲದ ಹಲ್ಲಿನ ಕೆಲಸಕ್ಕೆ ಮೊದಲ ಮೂರರಿಂದ ಆರು ತಿಂಗಳು ಕೈಹಾಕುವುದು ಬೇಡ. ಆಮೇಲೆ ಆರು ತಿಂಗಳಿಗೊಮ್ಮೆ ತಪಾಸಣೆ, ಕ್ಲೀನಿಂಗ್. ಈಗ ಇವರು ಅಪಾಯದ ಗುಂಪಿನವರು: ಕೀಳುವುದು, ಕ್ಲೀನಿಂಗ್, ಬೇರಿನ ತುದಿ ಮುಟ್ಟುವ ಕೆಲಸ ಎಲ್ಲಕ್ಕೂ ಜೀವನಪೂರ್ತಿ ಹಂತ 3ರ ಒಂದು ಡೋಸ್ ಬೇಕು. ಎಕ್ಸ್‌ರೇ, ಸೆಟ್ ಹಾಕಿ ತೆಗೆಯುವುದು, ತಾನಾಗಿ ಉದುರುವ ಹಾಲುಹಲ್ಲು ಇವಕ್ಕೆ ಬೇಡ. ಮರೆತು ಕೆಲಸ ಶುರುಮಾಡಿದ್ದರೆ ಮುಗಿದ 2 ಗಂಟೆಯೊಳಗೂ ಕೊಡಬಹುದು. ರಕ್ತ ತೆಳುವಾಗಿಸುವ ಮಾತ್ರೆಯವರಿಗೆ ಸೊಂಟದ ಸೂಜಿಯ ಬದಲು ಬಾಯಿಯ ಮೂಲಕವೇ ಕೊಡಿ, ಸ್ನಾಯುವಿನೊಳಗೆ ರಕ್ತ ಕಟ್ಟಬಹುದು.

ಹಲ್ಲಿನ ಕೆಲಸವಾಗಿ ವಾರಗಳ ಬಳಿಕ ಸಂಜೆ ಸಂಜೆ ಸಣ್ಣ ಜ್ವರ, ರಾತ್ರಿ ಬೆವರು, ಹಸಿವಿಲ್ಲದೆ ತೂಕ ಇಳಿಯುವುದು ಕಂಡರೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವಂತಿಲ್ಲ. ಒಂದು ಡೋಸ್ ಹೋದರೂ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ರೋಗ ಪತ್ತೆಯಾಗುವುದು ತಿಂಗಳುಗಟ್ಟಲೆ ತಡವಾಗಬಹುದು. ನೇರ ಹೃದ್ರೋಗ ಆಸ್ಪತ್ರೆಗೆ ಹೋಗಿ ‘ಕೃತಕ ಕವಾಟವಿದೆ, ಜ್ವರ ಬರುತ್ತಿದೆ’ ಎಂದು ಮೊದಲು ಹೇಳಬೇಕು. ಔಷಧ ಶುರುಮಾಡುವ ಮುನ್ನ ಬೇರೆ ಬೇರೆ ಕಡೆಯಿಂದ ಚುಚ್ಚಿ ಮೂರು ಸೆಟ್ ಬ್ಲಡ್ ಕಲ್ಚರ್ ತೆಗೆಯುತ್ತಾರೆ. ಇತ್ತೀಚೆಗೆ ಯಾವ ಹಲ್ಲಿಗೆ, ಯಾವ ದಿನ, ಏನು ಚಿಕಿತ್ಸೆಯಾಯಿತು ಎಂಬ ಚೀಟಿ ಆಗ ರೋಗಿಯ ಕೈಯಲ್ಲಿರಬೇಕು.